ಆರು ಚೌಕ, ಒಂದೇ ಹೆಸರು

ಇಪ್ಪತ್ತೈದು ವರ್ಷಕ್ಕೂ ಹಿಂದಿನ ಮಾತು. 1999ರ ಅರ್ಧವಾರ್ಷಿಕ ಪರೀಕ್ಷೆ ಆಗಷ್ಟೇ ಮುಗಿದಿತ್ತು. ನನಗೆ ಪರಿಚಯವಿದ್ದ ಹೈಸ್ಕೂಲೊಂದಕ್ಕೆ ಆ ವರ್ಷ ಮೊದಲ ಕಂಪ್ಯೂಟರ್ ಬಂದಿತ್ತು. ಹತ್ತನೆಯ ತರಗತಿಯ ಪ್ರಗತಿ ಪತ್ರಗಳನ್ನು ಈ ಸಲ ಕೈಯಲ್ಲಿ ಬರೆಯುವುದು ಬೇಡ, ಕಂಪ್ಯೂಟರಿನಲ್ಲೇ ಅಚ್ಚು ಹಾಕೋಣ ಎಂದು ಹೆಡ್ಮಾಸ್ಟರು ಉತ್ಸಾಹ ತೋರಿದರು. ಪ್ರೋಗ್ರಾಮ್ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ವಿಷುಯಲ್ ಬೇಸಿಕ್ ಕಲಿತ ಹೊಸತು, ಒಂದು ಸಂಜೆಯಲ್ಲಿ ಬರೆದು ಮುಗಿಸಿದೆ. ಎರಡು ಸೆಕ್ಷನ್ನಿನ 94 ಮಕ್ಕಳ ಕಾರ್ಡುಗಳು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಿಂದ ಕಿರಗುಟ್ಟುತ್ತ ಹೊರಬಂದವು. ಎಲ್ಲರಿಗೂ ಖುಷಿ.

ನಾಲ್ಕನೆಯ ದಿನ ಒಬ್ಬ ತಾಯಿ ಕಾರ್ಡು ಹಿಡಿದು ಶಾಲೆಗೆ ಬಂದರು. ಮಗಳು ನಿಂತಿದ್ದಳು, ತಲೆ ಎತ್ತಿರಲಿಲ್ಲ. ಕಾರ್ಡಿನಲ್ಲಿ ಒಟ್ಟು 625ಕ್ಕೆ 357 ಎಂದು ಅಚ್ಚಾಗಿತ್ತು. ಎಂದಿಗೂ ಮೊದಲ ದರ್ಜೆ ತಪ್ಪದ ಹುಡುಗಿ ಎರಡನೇ ದರ್ಜೆಗೆ ಇಳಿದಿದ್ದಳು. ಮನೆಯಲ್ಲಿ ದೊಡ್ಡ ರಂಪವಾಗಿತ್ತು. ಟೀವಿ ನೋಡಿದ್ದರಿಂದ ಹೀಗಾಯಿತು ಎಂದು ಅಪ್ಪ ಕೇಬಲ್ ಕೀಳಿಸಿದ್ದರು.

‘ಕೂಡಿದ್ದು ತಪ್ಪಾಗಿದೆ ಅಂತ ಇವಳು ಮೊದಲ ದಿನದಿಂದಲೂ ಹೇಳ್ತಾ ಇದ್ದಾಳೆ ಸಾರ್. ಕಂಪ್ಯೂಟರ್ ತಪ್ಪು ಮಾಡುತ್ತಾ, ನೀನೇ ಸುಳ್ಳು ಹೇಳ್ತೀಯ ಅಂತ ಇವರಪ್ಪ ಬೈದರು’ ಎಂದರು ಆ ತಾಯಿ. ಕಾರ್ಡು ತಿರುಗಿಸಿದೆ. ಹಿಂಬದಿಯಲ್ಲಿ ಪೆನ್ಸಿಲಿನಿಂದ ಹುಡುಗಿ ಲೆಕ್ಕ ಹಾಕಿದ್ದಳು. ಕನ್ನಡ 98, ಇಂಗ್ಲಿಷ್ 52, ಹಿಂದಿ 61, ಗಣಿತ 41, ವಿಜ್ಞಾನ 83, ಸಮಾಜ 64. ಕೆಳಗೆ ಗೆರೆ ಎಳೆದು 399.

ಅವಳ ಲೆಕ್ಕವೇ ಸರಿ ಇತ್ತು. ತಪ್ಪು ಕಂಪ್ಯೂಟರಿನದಲ್ಲ, ನನ್ನದು. ಆ ತಪ್ಪು ಹೇಗಾಯಿತು, ಅದು ಆಗದಂತೆ ಹೇಗೆ ಬರೆಯಬೇಕಿತ್ತು ಎಂಬುದೇ ಈ ವಾರದ ವಿಷಯ. ಪ್ರೋಗ್ರಾಮಿಂಗ್ ಕಲಿಯುತ್ತಿರುವ ವಿದ್ಯಾರ್ಥಿಗಳಿಗೆ ಇದು ಪಾಠ. ಕಲಿಯದ ತಂದೆತಾಯಂದಿರಿಗೂ ಇದರಲ್ಲಿ ಕೆಲಸವಿದೆ, ಕೊನೆಯಲ್ಲಿ ಹೇಳುತ್ತೇನೆ.

ತಪ್ಪು ಅಡಗಿದ್ದ ಜಾಗ

ಪರದೆಯ ಮೇಲೆ ಆರು ಚೌಕಗಳು. ಒಂದೊಂದು ವಿಷಯಕ್ಕೆ ಒಂದೊಂದು. ಕೀಲಿಮಣೆಯಿಂದ ಅಂಕ ತುಂಬುವ ಇಂಥ ಚೌಕಕ್ಕೆ ಟೆಕ್ಸ್ಟ್ ಬಾಕ್ಸ್ ಎನ್ನುತ್ತಾರೆ. ನನ್ನ ಆರು ಚೌಕಗಳ ಹೆಸರು ಟೆಕ್ಸ್ಟ್1, ಟೆಕ್ಸ್ಟ್2, ಹೀಗೆ ಟೆಕ್ಸ್ಟ್6ರ ತನಕ. ಒಟ್ಟು ಮಾಡುವ ಸಾಲು ಹೀಗಿತ್ತು:

ಒಟ್ಟು = ಟೆಕ್ಸ್ಟ್1 + ಟೆಕ್ಸ್ಟ್2 + ಟೆಕ್ಸ್ಟ್3 + ಟೆಕ್ಸ್ಟ್4 + ಟೆಕ್ಸ್ಟ್4 + ಟೆಕ್ಸ್ಟ್6

ನಿಮ್ಮ ಕಣ್ಣಿಗೆ ಬಿತ್ತೇ? ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಒಂದು ತುಂಡನ್ನು ನಕಲು ಮಾಡಿ ಪಕ್ಕಕ್ಕೆ ಅಂಟಿಸಿ, ಅಂಕಿಯನ್ನು ಮಾತ್ರ ತಿದ್ದುತ್ತ ಹೋಗಿದ್ದೆ. ಐದನೆಯದನ್ನು ತಿದ್ದಲು ಮರೆತೆ. ಹಾಗಾಗಿ ಗಣಿತದ ಅಂಕ ಎರಡು ಸಲ ಸೇರಿತು, ವಿಜ್ಞಾನದ ಅಂಕ ಸೇರಲೇ ಇಲ್ಲ. ಹುಡುಗಿ ವಿಜ್ಞಾನದಲ್ಲಿ ಪಡೆದ 83ರ ಜಾಗದಲ್ಲಿ ಇನ್ನೊಂದು 41 ಕೂತಿತು. 42 ಅಂಕ ಹೋಯಿತು.

ಇದಕ್ಕಿಂತ ಕೆಟ್ಟ ಸಂಗತಿ ಇನ್ನೊಂದಿದೆ. 94 ಕಾರ್ಡುಗಳನ್ನು ಮತ್ತೆ ಕೂಡಿ ನೋಡಿದೆವು. ಮೂರು ಮಾತ್ರ ಸರಿ ಇದ್ದವು. ಗಣಿತ, ವಿಜ್ಞಾನ ಎರಡರಲ್ಲೂ ಒಂದೇ ಅಂಕ ಬಂದ ಮೂವರವು! ಉಳಿದವರಲ್ಲಿ ಹೆಚ್ಚಿನವರಿಗೆ ಐದೋ ಆರೋ ಅಂಕದ ವ್ಯತ್ಯಾಸ, ಯಾರೂ ಗಮನಿಸಿರಲಿಲ್ಲ. ಗಣಿತದಲ್ಲಿ ಮುಂದಿದ್ದು ವಿಜ್ಞಾನದಲ್ಲಿ ಹಿಂದಿದ್ದ ಮಕ್ಕಳಿಗಂತೂ ಒಟ್ಟು ಅಂಕ ಏರಿತ್ತು. ಆ ಮನೆಗಳಿಂದ ಯಾರೂ ದೂರು ತರಲಿಲ್ಲ. ಏಕೆ ತಂದಾರು?

ಆದರೂ ಕಾರ್ಡು ಹಂಚುವ ಮೊದಲು ನಾನು ಪರೀಕ್ಷೆ ಮಾಡಿಯೇ ನೋಡಿದ್ದೆ. ಆರೂ ಚೌಕಗಳಲ್ಲಿ 50 ತುಂಬಿದೆ. ಒಟ್ಟು 300 ಬಂತು. ಸರಿ ಇದೆ ಎಂದು ಬೆನ್ನು ತಟ್ಟಿಕೊಂಡೆ. ಎಲ್ಲ ಚೌಕಗಳಲ್ಲೂ ಒಂದೇ ಅಂಕ ಇದ್ದರೆ ಯಾವುದು ಎರಡು ಸಲ ಸೇರಿತು, ಯಾವುದು ಬಿಟ್ಟುಹೋಯಿತು ಎಂಬುದು ಗೊತ್ತಾಗುವುದು ಹೇಗೆ? ನಾನು ಆರಿಸಿದ ಪರೀಕ್ಷೆ ಆ ತಪ್ಪನ್ನು ಎಂದೆಂದಿಗೂ ಹಿಡಿಯಲಾರದ ಪರೀಕ್ಷೆಯಾಗಿತ್ತು.

ಹಾಜರಿ ಪುಸ್ತಕದ ಉಪಾಯ

ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕರೆಯುವುದನ್ನು ನೆನಪಿಸಿಕೊಳ್ಳಿ. ಪ್ರತಿ ಮಗುವಿಗೂ ಹೇಗೆ ಹಾಜರಿ ಹಾಕಬೇಕು ಎಂದು ಬೇರೆ ಬೇರೆ ನಿಯಮ ಬರೆದಿಟ್ಟಿರುತ್ತಾರೆಯೇ? ಇಲ್ಲ. ನಿಯಮ ಒಂದೇ: ನಂಬರ್ ಕರೆ, ಉತ್ತರ ಬಂದರೆ ಗುರುತು ಹಾಕು, ಮುಂದಿನ ನಂಬರಿಗೆ ಹೋಗು. ತರಗತಿಗೆ ಒಂದು ಹೆಸರು, ಮಕ್ಕಳಿಗೆ ಕ್ರಮಸಂಖ್ಯೆ. ನಲವತ್ತು ಮಕ್ಕಳಿದ್ದರೂ ನಿಯಮ ನಲವತ್ತಾಗುವುದಿಲ್ಲ.

ಪರದೆಯ ಚೌಕಗಳನ್ನೂ ಹೀಗೇ ಮಾಡಬಹುದು. ಆರಕ್ಕೂ ‘ಅಂಕ’ ಎಂದು ಒಂದೇ ಹೆಸರಿಟ್ಟು ಅಂಕ(0), ಅಂಕ(1), ಅಂಕ(2) ಎಂದು ಅಂಕ(5)ರ ತನಕ ಸಂಖ್ಯೆ ಕೊಡುವುದು. ಹಳೆಯ ವಿಷುಯಲ್ ಬೇಸಿಕ್ಕಿನಲ್ಲಿ ಇದಕ್ಕೆ ಕಂಟ್ರೋಲ್ ಅರೇ ಎಂದು ಹೆಸರು. ಆವರಣದೊಳಗಿನ ಸಂಖ್ಯೆಗೆ ಇಂಡೆಕ್ಸ್ ಎನ್ನುತ್ತಾರೆ. ಎಣಿಕೆ ಸೊನ್ನೆಯಿಂದ ಶುರುವಾಗುವುದನ್ನು ಗಮನಿಸಿ. ಆರು ಚೌಕಗಳ ಕೊನೆಯ ಸಂಖ್ಯೆ 5, 6 ಅಲ್ಲ. ಹೊಸಬರು ಇಲ್ಲಿ ಎಡವುವುದು ಸಾಮಾನ್ಯ.

ತಮಾಷೆ ಎಂದರೆ, ಈ ದಾರಿಯನ್ನು ವಿಷುಯಲ್ ಬೇಸಿಕ್ ನನಗೆ ತಾನಾಗಿಯೇ ತೋರಿಸಿತ್ತು. ಒಂದು ಚೌಕವನ್ನು ನಕಲು ಮಾಡಿ ಅಂಟಿಸಲು ಹೋದರೆ ಅದು ಪ್ರಶ್ನೆ ಕೇಳುತ್ತಿತ್ತು: ಈ ಹೆಸರಿನ ಕಂಟ್ರೋಲ್ ಆಗಲೇ ಇದೆ, ಕಂಟ್ರೋಲ್ ಅರೇ ಮಾಡಲೇ? ಉತ್ತರಕ್ಕೆ ಎರಡು ಗುಂಡಿ, ಎಸ್ ಮತ್ತು ನೋ. ಅರ್ಥವಾಗದ ಪ್ರಶ್ನೆಗೆ ‘ಬೇಡ’ ಎನ್ನುವುದು ನಮ್ಮ ಹಳೆಯ ಅಭ್ಯಾಸ. ನಾನೂ ‘ನೋ’ ಒತ್ತಿದೆ. ಹೊಸ ಚೌಕಕ್ಕೆ ಅದು ಟೆಕ್ಸ್ಟ್2 ಎಂದು ಹೆಸರಿಟ್ಟು ಸುಮ್ಮನಾಯಿತು. ಐದು ಸಲ ಕೇಳಿತು, ಐದು ಸಲವೂ ‘ನೋ’ ಒತ್ತಿದೆ. ‘ಎಸ್’ ಒತ್ತಿದ್ದರೆ ಮೊದಲ ಚೌಕಕ್ಕೆ 0, ಎರಡನೆಯದಕ್ಕೆ 1 ಎಂದು ತಾನೇ ಸಂಖ್ಯೆ ಕೊಡುತ್ತಿತ್ತು. ಆಗ ಒಟ್ಟು ಮಾಡುವ ಭಾಗ ಇಷ್ಟೇ:

ಒಟ್ಟು = 0
ಸಂಖ್ಯೆ 0ಯಿಂದ 5ರ ತನಕ
ಒಟ್ಟು = ಒಟ್ಟು + ಅಂಕ(ಸಂಖ್ಯೆ)
ಮುಂದಿನ ಸಂಖ್ಯೆ

ಇಲ್ಲಿ ಗಣಿತವನ್ನು ಎರಡು ಸಲ ಸೇರಿಸಲು ಜಾಗವೇ ಇಲ್ಲ. ವಿಜ್ಞಾನವನ್ನು ಮರೆಯಲೂ ಜಾಗವಿಲ್ಲ. ಕೂಡುವ ಸಾಲು ಇರುವುದು ಒಂದೇ. ಅದು ತಪ್ಪಾಗಿದ್ದರೆ ಆರೂ ವಿಷಯಗಳಿಗೆ ತಪ್ಪಾಗುತ್ತದೆ, ಮೊದಲ ಕಾರ್ಡಿನಲ್ಲೇ ಸಿಕ್ಕಿಬೀಳುತ್ತದೆ. ಒಂದು ಸಲ ತಿದ್ದಿದರೆ ಆರಕ್ಕೂ ಸರಿಯಾಗುತ್ತದೆ. ನಿಯಮವನ್ನು ಒಂದೇ ಕಡೆ ಬರೆಯುವುದರ ನಿಜವಾದ ಲಾಭ ಇದು. ಬೆರಳಿಗೆ ಶ್ರಮ ಉಳಿಯುವುದು ಆಮೇಲಿನ ಮಾತು.

ಯಾರು ಕರೆದಿದ್ದು?

ಕೂಡುವುದಷ್ಟೇ ಅಲ್ಲ, ಬಂದ ಅಂಕವನ್ನು ತಪಾಸಣೆ ಮಾಡುವುದೂ ಇದೆ. ಬೆರಳು ಜಾರಿ 83ರ ಬದಲು 833 ಎಂದು ತುಂಬಿದರೆ ಪ್ರೋಗ್ರಾಮ್ ತಡೆಯಬೇಕು. ನಾನು ಆರು ಚೌಕಗಳಿಗೆ ಆರು ತಪಾಸಣೆ ಬರೆದಿದ್ದೆ. ಕಂಟ್ರೋಲ್ ಅರೇ ಆದರೆ ಒಂದೇ ಸಾಕು. ಯಾವ ಚೌಕದಲ್ಲಿ ಏನು ನಡೆದರೂ ಅದೇ ತುಂಡು ಓಡುತ್ತದೆ, ಜೊತೆಗೆ ಆ ಚೌಕದ ಇಂಡೆಕ್ಸ್ ಕೂಡ ಬರುತ್ತದೆ. ಬಾಗಿಲಿನ ಗಂಟೆ ಒಂದೇ ಆದರೂ ಬಂದವರು ಯಾರೆಂದು ಹೆಸರು ಹೇಳಿ ಒಳಗೆ ಬಂದ ಹಾಗೆ.

ಆ ಸಂಖ್ಯೆ ಕೈಗೆ ಸಿಕ್ಕಿತೆಂದರೆ ಹಲವು ಅನುಕೂಲ. ಅಂಕ ತುಂಬುವ ಗುಮಾಸ್ತರು ಪರದೆಯನ್ನು ನೋಡದೆ ಎಂಟರ್ ಒತ್ತುತ್ತ ಹೋಗುವವರು. ಎಂಟರ್ ಒತ್ತಿದಾಗ ಸಂಖ್ಯೆಗೆ ಒಂದು ಕೂಡಿಸಿ ಆ ಚೌಕಕ್ಕೆ ಹೋಗು ಎಂದರೆ ಸಾಕು, ಕರ್ಸರ್ ತಾನೇ ಮುಂದಕ್ಕೆ ಜಿಗಿಯುತ್ತದೆ. ಕೊನೆಯ ಚೌಕದಲ್ಲಿದ್ದರೆ ಮಾತ್ರ ‘ಸೇರಿಸು’ ಗುಂಡಿಗೆ ಹೋಗಬೇಕು. ಈ ‘ಕೊನೆಯದಾದರೆ’ ಎಂಬ ಮಾತನ್ನು ಮರೆತರೆ ಪ್ರೋಗ್ರಾಮ್ ಇಲ್ಲದ ಅಂಕ(6) ಅನ್ನು ಹುಡುಕಿಕೊಂಡು ಹೋಗಿ ನಿಂತುಬಿಡುತ್ತದೆ.

ಹೋಲುತ್ತವೆ, ಆದರೆ ಒಂದೇ ಅಲ್ಲ

ಒಂದು ತೊಡಕು ಇದೆ. ಆ ಪರೀಕ್ಷೆ ಎಸ್ಸೆಸ್ಸೆಲ್ಸಿಯ ಮಾದರಿಯದು. ಮೊದಲ ಭಾಷೆಗೆ 125 ಅಂಕ, ಉಳಿದ ಐದಕ್ಕೆ ತಲಾ 100. ಆರೂ ಚೌಕಗಳಿಗೆ ‘100ಕ್ಕಿಂತ ಹೆಚ್ಚಾದರೆ ತಡೆ’ ಎಂದು ಬರೆದರೆ ಕನ್ನಡದಲ್ಲಿ 110 ತೆಗೆದ ಮಗುವಿನ ಅಂಕವನ್ನು ಪ್ರೋಗ್ರಾಮ್ ಒಪ್ಪುವುದೇ ಇಲ್ಲ.

ಹೊಸಬರು ಇಲ್ಲಿ ‘ಇಂಡೆಕ್ಸ್ 0 ಆಗಿದ್ದರೆ 125, ಇಲ್ಲದಿದ್ದರೆ 100’ ಎಂದು ತಪಾಸಣೆಯ ಮಧ್ಯೆ ತುರುಕುತ್ತಾರೆ. ನಡೆಯುತ್ತದೆ. ಆದರೆ ನಾಳೆ ಯಾವುದೋ ವಿಷಯಕ್ಕೆ 80 ಅಂಕವಾದರೆ ಇನ್ನೊಂದು ‘ಆಗಿದ್ದರೆ’ ಸೇರುತ್ತದೆ. ಶೇಕಡಾವಾರು ತೆಗೆಯುವಾಗ ಮತ್ತದೇ. ಹೀಗೆ ಒಂದಾಗಿದ್ದ ನಿಯಮ ಮತ್ತೆ ಆರಾಗಿ ಒಡೆಯುತ್ತದೆ. ಅದಕ್ಕಿಂತ ಪಕ್ಕದಲ್ಲಿ ಇನ್ನೊಂದು ಪಟ್ಟಿ ಇಡಿ. ಗರಿಷ್ಠ(0) 125, ಗರಿಷ್ಠ(1)ರಿಂದ ಗರಿಷ್ಠ(5)ರ ತನಕ 100. ಈಗ ನಿಯಮ ಹೀಗೆ: ಅಂಕ(ಸಂಖ್ಯೆ) ಗರಿಷ್ಠ(ಸಂಖ್ಯೆ)ಗಿಂತ ಹೆಚ್ಚಾದರೆ ತಡೆ. ವಿಷಯದ ಹೆಸರಿಗೂ ಹೀಗೆಯೇ ಒಂದು ಪಟ್ಟಿ ಇದ್ದರೆ ‘ವಿಜ್ಞಾನದ ಅಂಕ ನೋಡಿ’ ಎಂದು ಹೆಸರು ಹಿಡಿದು ಎಚ್ಚರಿಸಬಹುದು. ವ್ಯತ್ಯಾಸ ಪಟ್ಟಿಯಲ್ಲಿರಲಿ, ನಿಯಮ ಒಂದೇ ಇರಲಿ. ಇದೊಂದು ಮಾತು ನೆನಪಿಟ್ಟರೂ ಈ ವಾರದ ಪಾಠ ಸಾರ್ಥಕ.

ಇನ್ನೊಂದು ಸೂಕ್ಷ್ಮ. ಚೌಕದೊಳಗೆ ಇರುವುದು ಸಂಖ್ಯೆಯಲ್ಲ, ಬರಹ. 98 ಎಂಬ ಬರಹಕ್ಕೆ 52 ಎಂಬ ಬರಹವನ್ನು ಕೂಡಿಸಿದರೆ 150 ಬರುವುದಿಲ್ಲ, ಎರಡೂ ಅಂಟಿಕೊಂಡು 9852 ಆಗುತ್ತದೆ. ಅದಕ್ಕೇ ಮೊದಲು ಬರಹವನ್ನು ಸಂಖ್ಯೆಯಾಗಿಸಬೇಕು. ಮೇಲಿನ ಸಾಲುಗಳಲ್ಲಿ ಆ ಹೆಜ್ಜೆಯನ್ನು ಸರಳತೆಗಾಗಿ ಬಿಟ್ಟಿದ್ದೇನೆ. ವಿಷುಯಲ್ ಬೇಸಿಕ್ಕಿನಲ್ಲಿ ಇದಕ್ಕೆ ವ್ಯಾಲ್ ಎಂಬ ಸಲಕರಣೆ ಇತ್ತು. ಬಲು ಉದಾರಿ. ಖಾಲಿ ಚೌಕ ಕೊಟ್ಟರೆ ಸೊನ್ನೆ ಎನ್ನುತ್ತಿತ್ತು. 70 ಎಂದು ತುಂಬುವಾಗ ಸೊನ್ನೆಯ ಬದಲು ಇಂಗ್ಲಿಷಿನ ‘ಓ’ ಅಕ್ಷರ ಒತ್ತಿದರೆ, ಅಕ್ಷರ ಸಿಕ್ಕಿದಲ್ಲಿಗೆ ಓದುವುದನ್ನು ನಿಲ್ಲಿಸಿ 7 ಎಂದುಬಿಡುತ್ತಿತ್ತು. ಎಪ್ಪತ್ತು ಏಳಾದರೂ ಸದ್ದಿಲ್ಲ! ಪೈಥಾನ್ ಹಾಗಲ್ಲ, ಖಾಲಿ ಬರಹವನ್ನೋ ಅಕ್ಷರವನ್ನೋ ಪೂರ್ಣಾಂಕ ಮಾಡಲು ಹೇಳಿದರೆ ತಕರಾರು ತೆಗೆದು ನಿಲ್ಲುತ್ತದೆ. ಬಾಯಿಮುಚ್ಚಿಕೊಂಡು ತಪ್ಪು ಮಾಡುವವನಿಗಿಂತ ಜಗಳವಾಡುವವನೇ ಮೇಲು.

ಖಾಲಿ ಚೌಕದ ವಿಷಯದಲ್ಲಿ ನ್ಯಾಯದ ಪ್ರಶ್ನೆಯೂ ಇದೆ. ಪರೀಕ್ಷೆಗೆ ಬಂದು ಸೊನ್ನೆ ತೆಗೆದವನು ಬೇರೆ, ಜ್ವರ ಬಂದು ಗೈರುಹಾಜರಾದವನು ಬೇರೆ, ಗುಮಾಸ್ತರು ತುಂಬಲು ಮರೆತದ್ದು ಬೇರೆ. ಮೂರಕ್ಕೂ ಪ್ರೋಗ್ರಾಮ್ ಸೊನ್ನೆ ಎಂದೇ ಬರೆದರೆ ಮಗುವಿಗೆ ಅನ್ಯಾಯವಾಗುತ್ತದೆ. ಗೈರುಹಾಜರಿಗೆ ಒಂದು ಗುರುತು ಇರಲಿ. ಚೌಕ ಖಾಲಿ ಇದ್ದರೆ ಮುಂದೆ ಹೋಗಲು ಬಿಡದೆ ಅದನ್ನು ಬಣ್ಣ ಬದಲಿಸಿ ತೋರಿಸಲಿ. ಸಂಖ್ಯೆಗಳ ಸಾಲಿನಲ್ಲಿರುವ ಚೌಕಗಳಿಗೆ ಈ ನಿಯಮವನ್ನೂ ಒಂದೇ ಸಲ ಬರೆದರೆ ಮುಗಿಯಿತು.

ಆರರಿಂದ ಇನ್ನೂರೆಪ್ಪತ್ತಕ್ಕೆ

ಒಬ್ಬೊಬ್ಬರದನ್ನೇ ತುಂಬುವ ಬದಲು ಇಡೀ ತರಗತಿಯ ಪಟ್ಟಿಯೇ ಪರದೆಯ ಮೇಲೆ ಇರಲಿ ಎಂದರೆ? 45 ಮಕ್ಕಳು, ಆರು ವಿಷಯ, 270 ಚೌಕ. ಬೇರೆ ಬೇರೆ ಹೆಸರಿಟ್ಟು ಹೊರಟರೆ ವಿಷುಯಲ್ ಬೇಸಿಕ್ 6ರಲ್ಲಿ ಅರ್ಧದಾರಿಯಲ್ಲೇ ನಿಲ್ಲಬೇಕಾಗುತ್ತಿತ್ತು. ಒಂದು ಫಾರ್ಮಿನಲ್ಲಿ ಕಂಟ್ರೋಲುಗಳ ಹೆಸರು 254 ದಾಟುವಂತಿರಲಿಲ್ಲ. ಕಂಟ್ರೋಲ್ ಅರೇ ಎಷ್ಟೇ ಉದ್ದವಿದ್ದರೂ ಲೆಕ್ಕಕ್ಕೆ ಒಂದೇ ಹೆಸರು.

ಪ್ರೋಗ್ರಾಮ್ ಓಡುತ್ತಿರುವಾಗಲೇ ಹೊಸ ಚೌಕ ಸೃಷ್ಟಿಸಲು ಲೋಡ್ ಎಂಬ ಆಜ್ಞೆ ಇತ್ತು. ಇದನ್ನು ಮೊದಲ ಸಲ ಬಳಸಿದವರೆಲ್ಲ ‘ಚೌಕ ಬರಲೇ ಇಲ್ಲ’ ಎಂದು ಗೋಳಾಡಿದ್ದಾರೆ. ಬಂದಿರುತ್ತಿತ್ತು, ಆದರೆ ಅದೃಶ್ಯವಾಗಿ. ಹೊಸ ಚೌಕ ಮೂಲ ಚೌಕದ ಗುಣಗಳನ್ನೆಲ್ಲ ಪಡೆದು, ಅದರ ಜಾಗದಲ್ಲೇ, ಕಣ್ಣಿಗೆ ಕಾಣದಂತೆ ಹುಟ್ಟುತ್ತಿತ್ತು. ಅದನ್ನು ಕೆಳಗೆ ಸರಿಸಿ, ಕಾಣಿಸು ಎಂದು ಬೇರೆಯಾಗಿ ಹೇಳಬೇಕಿತ್ತು.

270 ಚೌಕಗಳಲ್ಲಿ 100ನೇ ಸಂಖ್ಯೆಯದು ಯಾರ, ಯಾವ ವಿಷಯದ ಅಂಕ? ನಾಲ್ಕನೇ ಕ್ಲಾಸಿನ ಭಾಗಾಕಾರ ಸಾಕು. ಸಾಲಿಗೊಬ್ಬ ವಿದ್ಯಾರ್ಥಿಯಂತೆ ಸೊನ್ನೆಯಿಂದ ಸಂಖ್ಯೆ ಕೊಟ್ಟುಕೊಂಡು ಹೋಗಿದ್ದರೆ, 100ನ್ನು 6ರಿಂದ ಭಾಗಿಸಿ. ಭಾಗಲಬ್ಧ 16, ಶೇಷ 4. ಭಾಗಲಬ್ಧ ವಿದ್ಯಾರ್ಥಿಯನ್ನು ಹೇಳುತ್ತದೆ, ಶೇಷ ವಿಷಯವನ್ನು. ಸೊನ್ನೆಯಿಂದ ಎಣಿಸುವುದರಿಂದ ಇವನು 17ನೆಯ ವಿದ್ಯಾರ್ಥಿ, ವಿಷಯ ವಿಜ್ಞಾನ. ಭಾಗಾಕಾರದಲ್ಲಿ ಶೇಷ ಏಕೆ ಬೇಕು ಎಂದು ಕೇಳುವ ಮಕ್ಕಳಿಗೆ ಇದನ್ನು ತೋರಿಸಿ.

ಕಾಲ ಬದಲಾಯಿತು, ತಪ್ಪು ಬದಲಾಗಲಿಲ್ಲ

1998ರಲ್ಲಿ ಬಂದ ವಿಷುಯಲ್ ಬೇಸಿಕ್ 6 ಆ ಹಳೆಯ ಸಾಲಿನ ಕೊನೆಯದು. 2002ರಲ್ಲಿ ಬಂದ ಡಾಟ್‌ನೆಟ್ ಆವೃತ್ತಿಯಲ್ಲಿ ಕಂಟ್ರೋಲ್ ಅರೇಯನ್ನು ಕೈಬಿಟ್ಟರು. ಉಪಾಯವನ್ನು ಕೈಬಿಡಲಿಲ್ಲ. ಒಂದೇ ತುಂಡಿನ ಮುಂದೆ ‘ಇದು ಈ ಆರೂ ಚೌಕಗಳಿಗೆ’ ಎಂದು ಹೆಸರುಗಳ ಸಾಲು ಬರೆಯಬಹುದು. ಕರೆದವರು ಯಾರು ಎಂಬುದು ಸೆಂಡರ್ ಎಂಬ ಹೆಸರಿನಲ್ಲಿ ಬರುತ್ತದೆ. ಆದರೆ ಆ ಸಾಲಿನಲ್ಲಿ ಒಂದು ಹೆಸರು ಬಿಟ್ಟುಹೋದರೆ ಆ ಚೌಕಕ್ಕೆ ತಪಾಸಣೆಯೇ ಇಲ್ಲ. ನನ್ನ 1999ರ ತಪ್ಪು ಹೊಸ ಅಂಗಿ ತೊಟ್ಟು ಬಂದಂತೆ! ಚೌಕಗಳನ್ನು ನೀವೇ ಒಂದು ಅರೇಯಲ್ಲಿ ಜೋಡಿಸಿಕೊಂಡು, ಲೂಪಿನೊಳಗೆ ಪ್ರತಿಯೊಂದಕ್ಕೂ ಆ ತುಂಡನ್ನು ಕಟ್ಟುವುದು ಕ್ಷೇಮ. ಜಾವಾದಲ್ಲೂ ಇದೇ ದಾರಿ.

ಕೆಲವರು ‘ಫಾರ್ಮಿನ ಮೇಲಿರುವ ಎಲ್ಲ ಟೆಕ್ಸ್ಟ್ ಬಾಕ್ಸುಗಳನ್ನೂ ತೆಗೆದುಕೋ’ ಎಂದು ಒಂದೇ ಏಟಿಗೆ ಮುಗಿಸುತ್ತಾರೆ. ಎರಡು ಅಪಾಯ. ಅವು ಕಣ್ಣಿಗೆ ಕಾಣುವ ಕ್ರಮದಲ್ಲೇ ಸಿಗುತ್ತವೆ ಎಂಬ ಖಾತ್ರಿ ಇಲ್ಲ. ಹೆಸರಿನ ಪ್ರಕಾರ ಜೋಡಿಸಿದರೆ ಟೆಕ್ಸ್ಟ್10 ಬಂದು ಟೆಕ್ಸ್ಟ್2ರ ಮುಂದೆ ನಿಲ್ಲುತ್ತದೆ, ಏಕೆಂದರೆ ಬರಹದ ಲೆಕ್ಕದಲ್ಲಿ 1 ಮೊದಲು, 2 ಆಮೇಲೆ. ಎರಡನೆಯದಾಗಿ, ಅದೇ ಫಾರ್ಮಿನಲ್ಲಿ ವಿದ್ಯಾರ್ಥಿಯ ಹೆಸರು, ಹುಟ್ಟಿದ ತಾರೀಖು ತುಂಬುವ ಚೌಕಗಳೂ ಇರುತ್ತವೆ. ನೋಡಲು ಒಂದೇ ತರಹ, ಕೆಲಸ ಬೇರೆ. ಸೂತ್ರ ಇಷ್ಟೇ: ಒಂದೇ ವಾಕ್ಯದಲ್ಲಿ ಎಲ್ಲಕ್ಕೂ ಸಲ್ಲುವ ನಿಯಮ ಹೇಳಲು ಬಂದರೆ ಗುಂಪು ಮಾಡಿ. ಬಾರದಿದ್ದರೆ ಬೇಡ.

ಈಗ ಅನೇಕ ಕಡೆ ಮಕ್ಕಳು ಮೊದಲು ಕಲಿಯುವುದು ಪೈಥಾನ್. ಅದರ ಟಿಕಿಂಟರ್‌ನಲ್ಲಿ ಚೌಕಗಳನ್ನು ಲೂಪಿನಲ್ಲಿ ಸೃಷ್ಟಿಸಿ ಒಂದು ಪಟ್ಟಿಗೆ ಸೇರಿಸುವುದು ಬಲು ಸುಲಭ. ಆದರೆ ಒಂದು ಗುಂಡಿ ಇದೆ, ಬೀಳುವ ಗುಂಡಿ. ಆರು ಚೌಕಗಳ ಪಕ್ಕ ‘ಅಳಿಸು’ ಎಂಬ ಆರು ಬಟನ್ನುಗಳನ್ನು ಲೂಪಿನಲ್ಲೇ ಇಟ್ಟು, ಒತ್ತಿದಾಗ ತನ್ನ ಸಂಖ್ಯೆಯ ಚೌಕವನ್ನು ಅಳಿಸಬೇಕೆಂದು ಲ್ಯಾಮ್‌ಡಾ ಬರೆಯುತ್ತಾರೆ. ಯಾವ ಬಟನ್ ಒತ್ತಿದರೂ ಕೊನೆಯ ಚೌಕವೇ ಅಳಿಯುತ್ತದೆ! ಏಕೆ? ನೀವು ಬಟನ್ನಿಗೆ ಕೊಟ್ಟದ್ದು ಸಂಖ್ಯೆಯನ್ನಲ್ಲ, ‘ಕರಿಹಲಗೆಯ ಮೇಲಿರುವ ಸಂಖ್ಯೆ ನೋಡು’ ಎಂಬ ಚೀಟಿಯನ್ನು. ಲೂಪ್ ಮುಗಿಯುವ ಹೊತ್ತಿಗೆ ಹಲಗೆಯ ಮೇಲೆ ಉಳಿದಿರುವುದು 5. ಆರೂ ಬಟನ್ನುಗಳು ಅದನ್ನೇ ಓದುತ್ತವೆ. ಬಟನ್ ಮಾಡುವ ಕ್ಷಣದಲ್ಲೇ ಅದರ ಸಂಖ್ಯೆಯನ್ನು ಚೀಟಿಯೊಳಗೆ ಬರೆದುಕೊಡಬೇಕು. ಲ್ಯಾಮ್‌ಡಾಗೆ ಪೂರ್ವನಿಯೋಜಿತ ಮೌಲ್ಯವಾಗಿ ಆ ಸಂಖ್ಯೆಯನ್ನು ಕೊಟ್ಟರೆ ಕೆಲಸ ಸರಿಹೋಗುತ್ತದೆ.

ತಂದೆತಾಯಂದಿರ ಕೆಲಸ

ಮಗ ಅಥವಾ ಮಗಳು ಇಂಥದೊಂದು ಪ್ರೋಗ್ರಾಮ್ ಬರೆದು ತೋರಿಸಿದಾಗ ‘ಭೇಷ್’ ಎಂದು ಎದ್ದುಹೋಗಬೇಡಿ. ನಿಮಗೆ ಪ್ರೋಗ್ರಾಮಿಂಗ್ ಬರಬೇಕಿಲ್ಲ. ಆರು ಚೌಕಗಳಲ್ಲಿ 1, 2, 4, 8, 16, 32 ತುಂಬಲು ಹೇಳಿ. ಒಟ್ಟು 63 ಬರಬೇಕು. ಆರು ಸಲ ಕೂಡುವ ಪ್ರೋಗ್ರಾಮಿನಲ್ಲಿ ಯಾವುದಾದರೂ ಚೌಕ ಎರಡು ಸಲ ಸೇರಿ ಇನ್ನೊಂದು ಬಿಟ್ಟುಹೋಗಿದ್ದರೆ 63 ಬರಲು ಸಾಧ್ಯವೇ ಇಲ್ಲ. ಈ ಆರು ಸಂಖ್ಯೆಗಳಿಂದ ಆರು ಸಲ ಆರಿಸಿ ಕೂಡಿದಾಗ 63 ಬರಬೇಕಾದರೆ ಪ್ರತಿಯೊಂದೂ ಒಂದೊಂದೇ ಸಲ ಬಂದಿರಬೇಕು. ನನ್ನ ಪ್ರೋಗ್ರಾಮಿಗೆ ಇದನ್ನು ತುಂಬಿದ್ದರೆ 16ರ ಜಾಗದಲ್ಲಿ ಇನ್ನೊಂದು 8 ಸೇರಿ 55 ಎನ್ನುತ್ತಿತ್ತು. ಒಂದು ನಿಮಿಷದ ಕೆಲಸ. 91 ಮನೆಗಳಿಗೆ ತಪ್ಪು ಕಾರ್ಡು ಹೋಗುತ್ತಿರಲಿಲ್ಲ.

ಆಮೇಲೆ ಒಂದು ಚೌಕ ಖಾಲಿ ಬಿಡಲು ಹೇಳಿ. ಮೊದಲ ಭಾಷೆಗೆ 125, ಆಮೇಲೆ 126 ತುಂಬಿಸಿ. ಉಳಿದ ಪ್ರತಿಯೊಂದರಲ್ಲೂ 100, ಆಮೇಲೆ 101. ಒಂದು ಚೌಕದಲ್ಲಿ ಸರಿಯಾದರೆ ಎಲ್ಲದರಲ್ಲೂ ಸರಿ ಎಂದು ನಂಬಬೇಡಿ, ಆರನ್ನೂ ನೋಡಿ. ಮಕ್ಕಳಿಗೆ ಸ್ವಲ್ಪ ಕಿರಿಕಿರಿಯಾದೀತು. ಆಗಲಿ.

ವಿದ್ಯಾರ್ಥಿಗಳಿಗೆ ಈ ವಾರದ ಮನೆಗೆಲಸ ಎರಡು. ಒಂದು, 63 ಏಕೆ ಮೋಸ ಮಾಡಲಾರದು ಎಂಬುದನ್ನು ಕಾಗದದ ಮೇಲೆ ಸಾಧಿಸಿ. ಎರಡು, ನೀವು ಹಿಂದೆ ಬರೆದ ಯಾವುದಾದರೂ ಪ್ರೋಗ್ರಾಮ್ ತೆಗೆದು, ನಕಲು ಮಾಡಿ ಅಂಟಿಸಿ ಅಂಕಿ ತಿದ್ದಿದ ಸಾಲುಗಳನ್ನು ಹುಡುಕಿ. ಅವನ್ನು ಒಂದು ಹೆಸರು, ಒಂದು ಲೂಪಿಗೆ ಇಳಿಸಿ. ತಪ್ಪೊಂದು ಅಡಗಿ ಕೂತಿರುವುದು ಸಿಕ್ಕರೆ ಆಶ್ಚರ್ಯಪಡಬೇಡಿ.

ಆ ಶಾಲೆಯ 94 ಕಾರ್ಡುಗಳನ್ನೂ ಮತ್ತೆ ಅಚ್ಚು ಹಾಕಿದೆವು. ಅಂಕ ಏರಿದವರಿಗೆ ಸುಲಭವಾಗಿ ಕೊಟ್ಟೆವು. ಇಳಿದವರ ಮನೆಗೆ ಹೆಡ್ಮಾಸ್ಟರೊಂದಿಗೆ ನಾನೂ ಹೋಗಿ ತಪ್ಪೊಪ್ಪಿಕೊಂಡೆ. ಒಂದು ಮನೆಯಲ್ಲಿ ಮಗನ ಅಂಕಕ್ಕೆ ಸಿಹಿ ಹಂಚಿ ಆಗಿತ್ತು, ನಮಗೂ ಒಂದು ಲಾಡು ಕೊಟ್ಟ ಮೇಲೆ ಬಂದ ವಿಷಯ ಹೇಳಬೇಕಾಯಿತು. ಆ ಲಾಡು ಗಂಟಲಲ್ಲಿ ಇಳಿಯಲಿಲ್ಲ.

ಹುಡುಗಿಯ ಹೊಸ ಕಾರ್ಡಿನಲ್ಲಿ 399 ಇತ್ತು, ಮೊದಲ ದರ್ಜೆ. ಅದನ್ನು ತೆಗೆದುಕೊಳ್ಳಲು ಈ ಸಲ ಅಪ್ಪ ಬಂದಿದ್ದರು. ಕಾರ್ಡನ್ನು ಮಗಳ ಕೈಗೆ ಕೊಟ್ಟು, ‘ಸರಿ ಇದೆಯಾ, ಕೂಡಿ ನೋಡಮ್ಮ’ ಎಂದರು. ಅವಳು ಅಲ್ಲೇ ನಿಂತು, ಜಾಮಿಟ್ರಿ ಬಾಕ್ಸಿನಿಂದ ಪೆನ್ಸಿಲ್ ತೆಗೆದು ಇನ್ನೊಮ್ಮೆ ಕೂಡಿ ನೋಡಿದಳು. ಅಂದಿನಿಂದ ನನ್ನ ಮೇಜಿನ ಮೇಲೂ ಕಂಪ್ಯೂಟರಿನ ಪಕ್ಕ ಒಂದು ಪೆನ್ಸಿಲ್ ಇದೆ.